ಗೇಣಗಲ ಗೇಟು

ತುಕ್ಕಿನ ವಾಸನೆ, ಚಿಕ್ಕಂದಿನಲ್ಲಿ ಶಾಲೆಯ ಗೇಟು ಹಿಡಿದ ಅಂಗೈಯಲ್ಲಿ ಊಟದ ಹೊತ್ತಿನವರೆಗೂ ಉಳಿಯುತ್ತಿದ್ದ ವಾಸನೆ, ಈಗ ಈ ಆಸ್ಪತ್ರೆಯ ಮಂಚದ ಕಂಬಿಯಿಂದ ಬರುತ್ತಿದೆ, ಎಡ ಮಗ್ಗುಲಿಗೆ ತಿರುಗಿ ಅಜ್ಜಿ ಅಂದಳು ನರ್ಸ್, ಎದೆಗೆ ಹಚ್ಚುವ ಜೆಲ್ಲನ್ನು ಮೊದಲು ತನ್ನ ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಂಡಳು, ಯಾರೂ ಹೇಳಿರಲಿಲ್ಲ, ಎಷ್ಟು ಒಳ್ಳೆಯ ಮಗು — ಪರದೆಯ ಮೇಲೆ ನನ್ನದೇ ಹೃದಯ, ಬೂದು ಬಣ್ಣ, ಒದ್ದಾಡುತ್ತಿದೆ, ಇದೇ ನೋಡಿ ಅಮ್ಮ ಕವಾಟ, ರಕ್ತ ಮೈಗೆಲ್ಲ ಹೊರಡೋ ಬಾಗಿಲು, ಸುಣ್ಣ ಕಟ್ಟಿ ಬಿರುಸಾಗಿದೆ, ಪೂರ್ತಿ ತೆರೀತಿಲ್ಲ ಅನ್ನುತ್ತಿದ್ದಾರೆ ಡಾಕ್ಟರಮ್ಮ, ನನಗೆ ಕಾಣುವುದು ಗೇಟು, ಮಣ್ಣಲ್ಲಿ ಹೂತು ಗೇಣಗಲ ಮಾತ್ರ ತೆರೆಯುತ್ತಿದ್ದ ಗೇಟು, ಗಂಟೆ ಹೊಡೆದರೆ ಶಾಲೆಗೆ ಶಾಲೆಯೇ ಹಿಂದಿನಿಂದ ನೂಕುತ್ತಿತ್ತು, ನಾವು ಅಡ್ಡ ತಿರುಗಿ ಒಬ್ಬೊಬ್ಬರೇ — ಮೆಟ್ಟಿಲು ಹತ್ತಿದ್ರೆ ಉಸಿರು ಕಟ್ಟುತ್ತಾ, ತಲೆ ಸುತ್ತುತ್ತಾ? ಇಲ್ಲಮ್ಮ ಅಂದೆ. ಇಲ್ಲ ಅಂದ್ರೆ ಸ್ವಲ್ಪ ಕಾಯಬಹುದು, ಇದೆ ಅಂದ್ರೆ ಕವಾಟ ಬದಲಾಯಿಸಲೇಬೇಕು, ಅದಕ್ಕೇ ಕೇಳ್ತಿದೀನಿ. ಬದಲಾಯಿಸುವುದಂತೆ, ಬಲ್ಬು ಬದಲಾಯಿಸಿದ ಹಾಗೆ, ಬೇಡಪ್ಪ — ಇಲ್ಲ ಅಂದದ್ದು ಸುಳ್ಳೂ ಅಲ್ಲ, ನಿಧಾನ ಹತ್ತುತ್ತೇನೆ, ತಿರುವಿನಲ್ಲಿ ನಿಂತು ಪಕ್ಕದವರ ಹೂಕುಂಡ ನೋಡುತ್ತೇನೆ, ವಯಸ್ಸಾದವರು ಹೂ ನೋಡಬಾರದೇ.

ಹೋದ ವರ್ಷ ಮಾಡ್ತಿದ್ದು ಈಗ ಬಿಟ್ಟಿರೋದು ಏನಾದ್ರೂ ಇದೆಯಾ? ಡಾಕ್ಟರು ಬಿಡುವವರಲ್ಲ. ಬಾಗಿಲ ಬಳಿ ಕೂತ ನಾದಿನಿ ಬಾಯಿ ಹಾಕಿದಳು, ನನ್ನ ಬೈಯೋದು ಬಿಟ್ಟಿದಾರೆ ಡಾಕ್ಟ್ರೇ, ಅದಕ್ಕೂ ಉಸಿರು ಬೇಕಲ್ಲ. ಸುಮ್ನಿರೇ ಅನ್ನಹೊರಟವಳಿಗೆ ಮನೆಯ ಮೆಟ್ಟಿಲು ನೆನಪಾಯಿತು — ಅಯ್ಯೋ ಅತ್ತಿಗೆ, ನನ್ನ ಮೊಣಕಾಲು, ಸ್ವಲ್ಪ ನಿಲ್ಲೋಣ, ಪ್ರತಿ ತಿರುವಿನಲ್ಲೂ ಅವಳೇ ಮೊದಲು ಅನ್ನುತ್ತಾಳೆ, ಹೊರಟ ಬಸ್ಸನ್ನು ಓಡಿ ಹಿಡಿಯುವವಳಿಗೆ ಎಲ್ಲಿಯ ಮೊಣಕಾಲು ನೋವು, ತರಕಾರಿ ಚೀಲ ಯಾವಾಗ ಅವಳ ಕೈಗೆ ಹೋಯಿತೋ, ನಾನು ಬಚ್ಚಿಟ್ಟೆ ಅಂದುಕೊಂಡೆ, ಅವಳು ನನಗಿಂತ ಚೆನ್ನಾಗಿ ಬಚ್ಚಿಟ್ಟಳು — ಡಾಕ್ಟರೇ, ಅಂದೆ, ಹೋದ ವಾರ ಬಟ್ಟೆ ಒಣಹಾಕುವಾಗ ಕಣ್ಣು ಕತ್ತಲೆ ಬಂದು ಕುಸಿದು ಕೂತೆ, ಇವಳಿಗೂ ಹೇಳಿಲ್ಲ. ಹೇಳಿದ್ದು ಒಳ್ಳೇದಾಯ್ತಮ್ಮ, ಇನ್ನು ಕಾಯೋದು ಬೇಡ.

ಹೊರಗೆ ಬೆಂಚು, ಹೇಳದೆ ಇದ್ದದ್ದಕ್ಕೆ ಈಗ ಬೈಯುತ್ತಾಳೆ ಇವಳು, ಈಗ, ಕಾಯುತ್ತಿದ್ದೇನೆ, ಬೈದರೆ ಎಷ್ಟೋ ವಾಸಿ, ಎದೆಯೊಳಗೆ ಗಂಟೆ ಹೊಡೆಯುತ್ತಲೇ ಇದೆ, ಅಷ್ಟೂ ಮಕ್ಕಳು, ನೂಕಬೇಡಿ, ನೂಕಬೇಡಿ — ನಾದಿನಿ ಮನೆಯಿಂದ ತಂದ ಉಪ್ಪಿಟ್ಟಿನ ಡಬ್ಬಿಯ ಮುಚ್ಚಳ ತೆಗೆದಳು, ಚಮಚ ಒರೆಸಿದಳು, ಎರಡನ್ನೂ ನನ್ನ ಕೈಗಿಟ್ಟಳು, ಇನ್ನೂ ಬೆಚ್ಚಗಿದೆ, ಗೇಟು ತೆರೆದಿದೆ, ಗೇಣಗಲವಾದರೂ