ಹದಿಮೂರನೆಯ ಊರು

ಸೂಜಿ ರೆಕಾರ್ಡಿನ ಅಂಚಿಗೆ ತಾಗಿ, ಹಾಡು ಹುಟ್ಟುವ ಮೊದಲಿನ ಆ ಸರಸರ, ಒಣಗಿದ ಎಲೆಗಳ ಮೇಲೆ ಯಾರೋ ಮೆಲ್ಲಗೆ ನಡೆದು ಬರುತ್ತಿರುವ ಹಾಗೆ — ಹಾಡಿಗಿಂತ ಇದೇ ಅವಳಿಗೆ ಇಷ್ಟ, ದೂರದೂರಿನ ಟ್ರಂಕ್ ಲೈನೂ ಹೀಗೇ ಸದ್ದು ಮಾಡುತ್ತಿತ್ತು, ಆ ಕಡೆಯವರು ಬಾಯಿ ತೆರೆಯುವ ಮುಂಚೆ, ಇಪ್ಪತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಈ ಸದ್ದನ್ನು ಎಡಗಿವಿಯಲ್ಲಿಟ್ಟುಕೊಂಡು ಮನೆಗೆ ಮನೆಯನ್ನು, ಊರಿಗೆ ಊರನ್ನು ಜೋಡಿಸಿ ಕೂತಿದ್ದವಳು, ಅದಕ್ಕೇ ಇವತ್ತಿಗೂ ಎಲ್ಲರ ಬಾಯಲ್ಲಿ ಹಲೋ ಅಕ್ಕ. ಕೇಳಿಸ್ತಾ ಅಕ್ಕಾ ಅನ್ನುತ್ತಾನೆ ಪಂಕ್ಚರ್, ಸೈಕಲ್ ಅಂಗಡಿಯವನು, ಅಂಗಡಿ ಮಗನ ಕೈಗೆ ಹೋಗಿ ಹತ್ತು ವರ್ಷವಾದರೂ ಹೆಸರು ಮಾತ್ರ ಅವನ ಹತ್ತಿರವೇ ಉಳಿದಿದೆ, ಕೇಳಿಸುತ್ತಪ್ಪಾ, ನಾನು ರಿಟೈರಾದೆ, ಕಿವಿ ಇನ್ನೂ ಡ್ಯೂಟಿಯಲ್ಲೇ ಇದೆ. ಅವನು ನಗುತ್ತಾ ಚಹಾ ಕೊಡುತ್ತಾನೆ, ಮೇಲಿನ ಕೆನೆಯನ್ನು ಚಮಚದಲ್ಲಿ ತೆಗೆದೇ ಕೊಡುತ್ತಾನೆ, ಅವಳಿಗೆ ಕೆನೆ ಕಂಡರಾಗದು ಅನ್ನುವುದು ಅವನಿಗೆ ಹೇಗೆ ಗೊತ್ತು, ಯಾವತ್ತೋ ಒಂದು ದಿನ ಹೇಳಿದ್ದಿರಬೇಕು, ಜನ ಇಂಥದ್ದನ್ನೆಲ್ಲ ಎಲ್ಲಿಟ್ಟುಕೊಂಡಿರುತ್ತಾರೋ — ಅಂಗಡಿಯ ಮೇಲಿನ ಕೋಣೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ ಹಳೇ ಟಯರುಗಳು, ರಬ್ಬರಿನ ವಾಸನೆ, ಆಗ ಈ ಕೋಣೆಯಲ್ಲಿ ಈ ಹಾಡಿನ ತಂಡದ ಅರವತ್ತು ಜನ ಅಭಿಮಾನಿಗಳು ಒಬ್ಬರ ತೊಡೆಯ ಮೇಲೊಬ್ಬರು ಕೂತು ರೆಕಾರ್ಡು ಕೇಳುತ್ತಿದ್ದರು, ಈಗ ನಾಲ್ಕೇ ಕುರ್ಚಿ, ಅವಳದು, ಪಂಕ್ಚರನದು, ಕಟಿಂಗ್ ಶಾಪಿನ ಕತ್ತರಿಯದು, ಇನ್ನೊಂದು ಆಸ್ಪತ್ರೆಯ ನರ್ಸಾಗಿದ್ದ ಸಿಸ್ಟರದು. ಸಿಸ್ಟರ ತೊಡೆಯ ಮೇಲೆ ದಪ್ಪ ಹಾಳೆ, ಅವಳ ಮುತ್ತಿನಂಥ ಅಕ್ಷರ, ಆ ಭಾನುವಾರದ ಕಥೆಯೆಲ್ಲ ಅದರಲ್ಲಿ, ನಾಲ್ವರೂ ರುಜು ಹಾಕಿದರೆ ನಾಳೆ ಅದು ಗಾಜಿನ ಚೌಕಟ್ಟಿಗೆ ಸೇರಿ ಗ್ರಂಥಾಲಯದ ಗೋಡೆ ಏರುತ್ತದೆ, ನಾವು ಹೋದಮೇಲೂ ಇರಲಿ ಅಂತ, ಮತ್ತು ಆ ಹಾಳೆಯ ನಡುವೆ ಒಂದು ಸಾಲು, ಸಿಸ್ಟರ್ ಆಗಲೇ ಎರಡು ಸಲ ಓದಿದ ಸಾಲು, ನಮ್ಮ ಪುಣ್ಯಕ್ಕೆ ಅಂದು ಟೆಲಿಫೋನ್ ಲೈನ್ ಕೆಟ್ಟಿತ್ತು.

ಕೆಟ್ಟಿತ್ತು. ನಲವತ್ತೊಂದು ವರ್ಷದಿಂದ ಈ ಮಾತು ಕೇಳಿ ನಕ್ಕಿದ್ದಾಳೆ, ಅಕ್ಕನ ಬೋರ್ಡು ಕೈಕೊಟ್ಟು ಲೈನೆಲ್ಲ ಕಲಸಿಹೋಗಿದ್ದಕ್ಕೆ ನಮ್ಮೂರು ಗೆದ್ದಿತು ಅಂತ ಕತ್ತರಿ ಪ್ರತಿ ಗಿರಾಕಿಯ ಕಿವಿ ಹಿಡಿದು ಹೇಳಿದ್ದಾನೆ, ಈಗಲೂ ಹೇಳುತ್ತಿದ್ದಾನೆ, ಅರ್ಧ ಗಡ್ಡ ಬೋಳಿಸಿದ್ದ ಬ್ಯಾಂಕ್ ಮ್ಯಾನೇಜರನ್ನು ಹಾಗೇ ನೊರೆ ಸಮೇತ ಬಿಟ್ಟು ಫೋನಿಗೆ ಹಾರಿದ್ದನಂತೆ, ಹೋದ ವರ್ಷ ಆ ಕಥೆಯಲ್ಲಿ ಬ್ಯಾಂಕಿನ ಕ್ಯಾಷಿಯರ್ ಇದ್ದ, ವರ್ಷಕ್ಕೊಂದು ಬಡ್ತಿ ಸಿಗ್ತಾ ಇದೆ ಬಿಡು ಅವನಿಗೆ ಅನ್ನುತ್ತಾಳೆ ಸಿಸ್ಟರ್. ಅದಕ್ಕೆ ಮೊದಲು ಮೂರು ವರ್ಷ ಆ ಹಾಡಿನ ತಂಡದ ಸುದ್ದಿಯೇ ಇರಲಿಲ್ಲ, ಹಾಡುವವನ ಗಂಟಲಿಗೆ ಆಪರೇಷನ್ ಆಗಿದೆ, ಇನ್ನು ಗಿಟಾರು ಡ್ರಮ್ಮು ಎಲ್ಲ ಮಾರಿಬಿಡ್ತಾರಂತೆ, ಹಾಗಂತೆ ಹೀಗಂತೆ, ಅವನಿಗೆ ಊರವರಿಟ್ಟ ಹೆಸರೇ ಗಂಟಲು, ಅದೇ ಹೋದರೆ ಮನುಷ್ಯನಲ್ಲಿ ಉಳಿಯುವುದೇನು ಅಂತ ಪಂಕ್ಚರ್ ಅತ್ತಿದ್ದ, ನಿಜವಾಗಿ ಅತ್ತಿದ್ದ, ಟ್ಯೂಬಿಗೆ ತೇಪೆ ಹಚ್ಚುತ್ತಾ. ಆಮೇಲೆ ಪತ್ರಿಕೆಯ ಮೂಲೆಯಲ್ಲಿ ಅಂಗೈಯಷ್ಟು ಪ್ರಕಟಣೆ, ಬರುವ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಈ ನಂಬರಿಗೆ ಫೋನ್ ಮಾಡಿ, ನಾವು ಯಾವ ಯಾವ ಊರಿಗೆ ಬರುತ್ತೇವೆಂದು ಗಂಟಲು ತಾನೇ ಓದಿ ಹೇಳುತ್ತಾನೆ, ಒಂದೇ ಸಲ. ಒಂದೇ ಸಲ ಅಂದರೆ ಹೇಗೆ, ಇಡೀ ಊರಿಗೆ ದೊಡ್ಡ ನಗರದ ಕಡೆ ಹೋಗುವ ಲೈನು ಒಂದೇ ಒಂದು, ಒಬ್ಬರು ಹಿಡಿದರೆ ಮಿಕ್ಕವರಿಗೆ ಬಾಗಿಲು ಮುಚ್ಚಿದ ಹಾಗೆ, ಆ ಒಬ್ಬರು ಯಾರು ಅನ್ನುವುದು ಅವಳ ಕೈಯಲ್ಲಿ, ಆ ವಾರವೆಲ್ಲ ಎಷ್ಟು ಉಪಚಾರ, ಕತ್ತರಿ ಅವಳ ತಮ್ಮನ ಕೂದಲನ್ನು ಬೇಡವೆಂದರೂ ಎರಡು ಸಲ ಕತ್ತರಿಸಿದ, ಸಿಸ್ಟರ್ ಅಮ್ಮನ ಮಂಡಿನೋವಿಗೆ ಮುಲಾಮು ಕಳಿಸಿದಳು, ಪಂಕ್ಚರ್ ಮಾತ್ರ ಏನೂ ಕೊಡಲಿಲ್ಲ, ಎಕ್ಸ್‌ಚೇಂಜಿನ ಮೆಟ್ಟಿಲ ಹತ್ತಿರ ನಿಂತು, ಅಕ್ಕಾ, ನೀವು ಯಾರಿಗೆ ಕೊಟ್ಟರೂ ಅವರ ಕೈಲಿ ನನಗೆ ಹೇಳಿ ಕಳಿಸಿ, ಸಾಕು ಅಂದ.

ಆ ಭಾನುವಾರ ನಾಲ್ಕಕ್ಕೆ ಐದು ನಿಮಿಷ, ಬೋರ್ಡಿನ ಮೇಲೆ ದೀಪಗಳು ಒಂದೊಂದಾಗಿ ಹತ್ತುತ್ತವೆ, ಕಟಿಂಗ್ ಶಾಪು, ಸೈಕಲ್ ಅಂಗಡಿ, ನರ್ಸುಗಳ ಕೋಣೆ, ಗಿರಣಿಯ ಕಚೇರಿ, ಔಷಧಿ ಅಂಗಡಿ — ಅವಳ ತಮ್ಮ ಅಲ್ಲಿದ್ದಾನೆ — ಹದಿನಾರು ದೀಪ, ಒಂದೊಂದು ದೀಪದ ಹಿಂದೆ ಐವತ್ತು ಜನ, ಹದಿನೇಳನೆಯ ಜೋಡಿ ವೈರು ದೊಡ್ಡ ನಗರದ ಲೈನಿಗೆ. ಪ್ರತಿ ಜೋಡಿ ವೈರಿನ ಮುಂದೆ ಒಂದು ಪುಟ್ಟ ಹಿಡಿಕೆ, ಮುಂದಕ್ಕೆ ತಳ್ಳಿದರೆ ಆ ಮಾತು ಆಪರೇಟರ್ ಕಿವಿಗೂ ಬೀಳುತ್ತದೆ, ಕೆಲಸಕ್ಕೆ ಸೇರಿದ ಮೊದಲ ದಿನವೇ ಮೇಡಂ, ಅವಳ ಮೇಲಧಿಕಾರಿ, ಬೆರಳು ಹಿಡಿದು ಕಲಿಸಿದ ಮೊದಲ ಪಾಠ, ಒಂದೇ ಹೊತ್ತಿಗೆ ಎರಡು ಹಿಡಿಕೆ ತಳ್ಳಬಾರದು, ತಳ್ಳಿದರೆ ಅವರ ಮಾತು ಇವರಿಗೆ ಇವರ ಮಾತು ಅವರಿಗೆ ಕಲಸಿಹೋಗುತ್ತದೆ, ತಪ್ಪಿ ಆದರೆ ಎಚ್ಚರಿಕೆ, ಬೇಕಂತ ಮಾಡಿದರೆ ಮನೆಗೆ. ಮನೆಗೆ ಅಂದರೆ ಅಪ್ಪ ಇಲ್ಲದ ಮನೆ, ಅಮ್ಮ, ಓದುವ ತಮ್ಮ, ಅವಳ ಸಂಬಳವೇ ಒಲೆ — ಗೊತ್ತಿತ್ತು, ಚೆನ್ನಾಗಿ ಗೊತ್ತಿತ್ತು, ಗೊತ್ತಿಲ್ಲದೆ ಮಾಡಿದ್ದಲ್ಲ. ಮೊದಲನೆಯದನ್ನು ತಳ್ಳಿದಳು, ಎರಡನೆಯದು, ಐದು, ಒಂದೊಂದು ಮನೆ ಸೇರಿದಾಗಲೂ ಆ ಕಡೆಯ ಸದ್ದು ಒಂದಿಷ್ಟು ತೆಳ್ಳಗಾಗುತ್ತದೆ, ನೀರು ಹಂಚಿದ ಹಾಗೆ, ಹತ್ತು, ಹನ್ನೆರಡು, ಸಾಕೇನೋ, ಇನ್ನು ತಳ್ಳಿದರೆ ಯಾರಿಗೂ ಕೇಳಿಸದೇನೋ, ಉಳಿದ ನಾಲ್ಕು ದೀಪಗಳು ಪಿಳಿಪಿಳಿ ನೋಡುತ್ತಿವೆ, ಹದಿಮೂರು, ಹದಿನಾಲ್ಕು — ಕತ್ತು ತಿರುಗಿಸಿದರೆ ಹಿಂದೆ ಮೇಡಂ. ಎಷ್ಟು ಹೊತ್ತಿಂದ ನಿಂತಿದ್ದರೋ. ಇಬ್ಬರ ಕಣ್ಣೂ ಆ ಹಿಡಿಕೆಗಳ ಸಾಲಿನ ಮೇಲೆ, ಎರಡು ಬಿಟ್ಟು ಎಲ್ಲವೂ ಮುಂದಕ್ಕೆ ಬಾಗಿವೆ, ಮೇಡಂ ನಡೆದು ಕಿಟಕಿಯ ಹತ್ತಿರ ಹೋದರು, ಬೀದಿಯ ಕಡೆ ಮುಖ ಮಾಡಿ, ಅವಳಿಗೆ ಬೆನ್ನು ಮಾಡಿ, ಎರಡೂ ಕೈ ಹಿಂದೆ ಕಟ್ಟಿ ನಿಂತರು, ಅವಳು ಹದಿನೈದನ್ನೂ ಹದಿನಾರನ್ನೂ ತಳ್ಳಿದಳು.

ಆಮೇಲಿನದು ಈ ಕೋಣೆಯಲ್ಲಿ ಎಲ್ಲರಿಗೂ ಬಾಯಿಪಾಠ, ಗಂಟಲು ಹನ್ನೆರಡು ಊರುಗಳ ಹೆಸರು ಓದಿದ, ಬಾವಿಯ ತಳದಿಂದ ಬಂದ ಹಾಗೆ ಸಣ್ಣ ದನಿ, ಆಪರೇಷನ್ನಿನಿಂದ ಒಡೆದ ದನಿ, ಎಂಟುನೂರು ಜನ ಉಸಿರು ಕಟ್ಟಿ ಕೇಳಿದರು, ನಮ್ಮೂರು ಇರಲಿಲ್ಲ, ನಮ್ಮೂರು ಯಾವ ಪಟ್ಟಿಯಲ್ಲಿ ತಾನೆ ಇರುತ್ತಿತ್ತು, ಯಾರೂ ಬೈಯಲಿಲ್ಲ, ಯಾರೂ ಫೋನ್ ಇಡಲಿಲ್ಲ, ಯಾರೋ ಒಬ್ಬರು ಮೇಜಿನ ಮೇಲೆ ಬಡಿಯತೊಡಗಿದರು, ಅವರ ಎಲ್ಲ ಹಾಡಿನ ಮೊದಲು ಡ್ರಮ್ಮಿನವನು ಬಡಿಯುವ ಅದೇ ಪೆಟ್ಟು, ಎರಡು, ಬಿಡುವು, ಮೂರು, ನಾನೇ ಶುರುಮಾಡಿದ್ದು ಅನ್ನುತ್ತಾನೆ ಕತ್ತರಿ, ಸುಳ್ಳು, ನರ್ಸುಗಳ ಕೋಣೆಯಿಂದ ಬಂತು ಅದು ಅನ್ನುತ್ತಾಳೆ ಸಿಸ್ಟರ್, ಹದಿನಾರೂ ಕಡೆ ಬಡಿತ, ಕುರ್ಚಿ ಮೇಜು ಬಾಗಿಲು ಚಕ್ರ, ಅವಳು ಹೆಡ್‌ಫೋನ್ ಕಿತ್ತು ಕೆಳಗಿಟ್ಟಳು, ತಂತಿಯೇ ಬೇಕಾಗಿರಲಿಲ್ಲ, ಕಿಟಕಿಯಿಂದಲೇ ಬರುತ್ತಿತ್ತು, ಊರೇ ಬಡಿಯುತ್ತಿತ್ತು. ಮತ್ತೆ ಹೆಡ್‌ಫೋನ್ ಕಿವಿಗಿಟ್ಟಾಗ ಗಂಟಲು ಕೇಳುತ್ತಿದ್ದ, ಈ ಲೈನಲ್ಲಿ ಎಷ್ಟು ಜನ ಇದ್ದೀರಪ್ಪಾ, ಯಾವೂರು ನಿಮ್ಮದು, ಎಂಟುನೂರು ಜನ ಒಂದೇ ಸಲ ಊರಿನ ಹೆಸರು ಹೇಳಿದರು, ಆ ಕಡೆ ಕಾಗದದ ಮೇಲೆ ಪೆನ್ನು ಗೀಚುವ ಸದ್ದು ಅವಳಿಗೆ ಕೇಳಿಸಿತು, ಅವಳೊಬ್ಬಳಿಗೇ ಕೇಳಿಸಿರಬೇಕು, ಸರಿ ಹಾಗಾದರೆ, ಹದಿಮೂರು ಅಂದ. ಬಂದರು ಕೂಡ, ಶಾಲೆಯ ಮೈದಾನದಲ್ಲಿ ಎರಡೂವರೆ ಗಂಟೆ, ಆದರೆ ಊರು ಇವತ್ತಿಗೂ ನೆನೆಯುವುದು ಆ ಹಾಡುಗಳನ್ನಲ್ಲ, ಭಾನುವಾರದ ಆ ಹನ್ನೊಂದು ನಿಮಿಷವನ್ನು. ಆ ನಿಮಿಷಗಳಲ್ಲಿ ಒಮ್ಮೆ ಅವಳು ಕಿಟಕಿಯ ಕಡೆ ನೋಡಿದಳು, ಈ ಹಾಡುಗಳನ್ನು ಡಬ್ಬ ಬಡಿಯೋ ಗಲಾಟೆ ಅನ್ನುತ್ತಿದ್ದ ಮೇಡಂ, ಇಸ್ತ್ರಿಯ ಗೆರೆ ಅಲುಗದ ಬೆನ್ನು, ಹಿಂದೆ ಕಟ್ಟಿದ ಕೈ, ಬಲಗೈ ಎಡ ಮಣಿಕಟ್ಟನ್ನು ಹಿಡಿದಿದೆ, ಒಂದು ತೋರುಬೆರಳು ಮಾತ್ರ ಬಿಡುವಾಗಿದೆ, ಅದು ಕೈಗಡಿಯಾರದ ಗಾಜಿನ ಮೇಲೆ, ಎರಡು, ಬಿಡುವು, ಮೂರು.

ಮರುದಿನ ಮುಖ್ಯ ಕಚೇರಿಯಿಂದ ಸಾಹೇಬರು ಬಂದರು, ಮೇಡಂ ದಾಖಲೆ ಪುಸ್ತಕ ಮುಂದಿಟ್ಟರು, ತೇವದಿಂದ ಲೈನುಗಳು ಕೂಡಿಕೊಂಡಿದ್ದವು ಎಂದು ದುಂಡಗೆ ಬರೆದಿತ್ತು, ಈ ಉರಿಬಿಸಿಲಲ್ಲಿ ತೇವ ಎಲ್ಲಿಂದ ಬಂತಮ್ಮ, ನೆಲ ಒರೆಸಿದ್ವಿ ಸಾರ್. ಡ್ಯೂಟಿ ಹೊತ್ತಿನಲ್ಲಾ, ಹೌದು ಸಾರ್, ನಾನೇ ಒರೆಸೋಕೆ ಹೇಳಿದ್ದು. ಅಷ್ಟೇ, ಅವಳ ಹೆಸರೇ ಆ ಪುಸ್ತಕದಲ್ಲಿ ಬರಲಿಲ್ಲ, ಮೇಡಂಗೆ ಸಿಗಬೇಕಿದ್ದ ಮುಖ್ಯ ಕಚೇರಿಯ ಹುದ್ದೆ ಆ ವರ್ಷ ಬೇರೆಯವರಿಗೆ ಹೋಯಿತು, ಅದರ ಮುಂದಿನ ವರ್ಷವೂ, ಆಮೇಲೆ ಕೇಳುವವರೇ ಇರಲಿಲ್ಲ, ಅದೇ ಕುರ್ಚಿಯಲ್ಲಿ ರಿಟೈರಾದರು. ಅವಳು ಅಳುತ್ತಾ ಹೋಗಿ ನಿಂತಾಗ, ನಾನಿರೋ ತನಕ ಬಾಯಿ ಬಿಡಬೇಡ, ನಿನ್ನ ಕೆಲಸಕ್ಕೂ ಒಳ್ಳೇದಲ್ಲ, ನನ್ನ ಮಾನಕ್ಕೂ ಒಳ್ಳೇದಲ್ಲ ಅಂದಿದ್ದರು, ಕರವಸ್ತ್ರ ಕೊಟ್ಟು, ಮುಖ ತೊಳೆದುಕೋ ಹೋಗು, ದೀಪ ಹತ್ತಿದೆ ನೋಡು. ಹೋದ ತಿಂಗಳು ಮೇಡಂ ತೀರಿಕೊಂಡರು, ತೊಂಬತ್ತೊಂದಾಗಿತ್ತು, ಹೊರಟ ದೇಹದ ಹಿಂದೆ ಹನ್ನೊಂದು ಜನ ಇದ್ದರು, ಅವಳು ಎಣಿಸಿದ್ದಳು, ಎಂಟುನೂರು ಜನ ಬರಬೇಕಿತ್ತು ಅಂದುಕೊಂಡಿದ್ದಳು. ಅವರಿರೋ ತನಕ ಅಂತ ಕೊಟ್ಟ ಮಾತು ಈಗ ತೀರಿತು, ಆದರೆ ಹೇಳಿದರೆ ಮೇಡಂ ಬರೆದದ್ದು ಸುಳ್ಳಾಗುತ್ತದೆ, ಜೀವನದಲ್ಲಿ ಒಂದು ಫೋನ್ ಕಾಲನ್ನೂ ತಪ್ಪಾಗಿ ದಾಖಲಿಸದ ಹೆಂಗಸು, ಹೇಳದಿದ್ದರೆ ನಾಳೆಯಿಂದ ಗಾಜಿನ ಹಿಂದೆ ಕೆಟ್ಟ ಲೈನು, ಕೆಟ್ಟ ಲೈನು, ಓದಿದವರೆಲ್ಲ ಅದೃಷ್ಟ ಅನ್ನುತ್ತಾರೆ, ಅದೃಷ್ಟವಂತೆ, ಹದಿನಾರು ಹಿಡಿಕೆ ತಳ್ಳಿದ ಬೆರಳು ಇಲ್ಲಿದೆ, ಅದನ್ನು ಕಂಡೂ ತಿರುಗಿ ನಿಂತ ಬೆನ್ನು ಅಲ್ಲಿ ಮಣ್ಣಲ್ಲಿದೆ.

ಅಕ್ಕಾ, ನಿಮ್ಮದೊಂದೇ ಬಾಕಿ ಅನ್ನುತ್ತಾಳೆ ಸಿಸ್ಟರ್, ಪೆನ್ನಿನ ಮುಚ್ಚಳ ತೆಗೆದು, ಹಾಳೆಯ ಕೆಳಗೆ ರಟ್ಟು ಇಟ್ಟು, ಅವಳ ಕೈ ನಡುಗುವುದು ಗೊತ್ತಿದ್ದು ರಟ್ಟನ್ನು ತಾನೇ ಗಟ್ಟಿಯಾಗಿ ಹಿಡಿದು. ಅವಳು ಪೆನ್ನು ತೆಗೆದುಕೊಳ್ಳಲಿಲ್ಲ. ಆ ಸಾಲು ಹೊಡೆದುಹಾಕು ಸಿಸ್ಟರ್, ಲೈನ್ ಕೆಟ್ಟಿರಲಿಲ್ಲ, ನಾನೇ ಕೂಡಿಸಿದ್ದು, ಬೇಕಂತಲೇ. ಕತ್ತರಿಯ ಬಾಯಿ ಅರ್ಧ ಮಾತಿಗೆ ನಿಂತಿದೆ, ಪಂಕ್ಚರ್ ಎದ್ದು ಹೋಗಿ ರೆಕಾರ್ಡಿನಿಂದ ಸೂಜಿ ಎತ್ತುತ್ತಾನೆ, ಹದಿನಾರೂನಾ ಅಕ್ಕಾ, ಹದಿನಾರೂ ಕಣೋ, ನಿನ್ನದು ಎರಡನೆಯದು. ಅವನು ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡ, ಗ್ರೀಸು ಹೋಗದ ಉಗುರುಗಳು, ಅವಳ ಬೆನ್ನು ನೆಟ್ಟಗಾಯಿತು, ಹೌದು, ನಾನೇ, ಅನ್ನಬೇಕೆನಿಸಿತು ಇನ್ನೊಂದು ಸಲ. ಸಿಸ್ಟರ್ ಆಗಲೇ ಹೊಸ ಹಾಳೆ ತೆಗೆದಿದ್ದಾಳೆ, ಹಾಗಾದ್ರೆ ಹಲೋ ಅಕ್ಕ ಒಬ್ಬರೇ ಧೈರ್ಯ ಮಾಡಿ ಕೂಡಿಸಿದರು ಅಂತ ಬರೀಲಾ. ಒಬ್ಬಳೇ ಅಲ್ಲ, ಇಬ್ಬರು ಅಂತ ಬರಿ, ನಮ್ಮ ಮೇಡಂ — ಮೇಡಂ ಏನು ಮಾಡಿದ್ರು ಅಕ್ಕಾ, ಪೆನ್ನು ಹಾಳೆಯ ಮೇಲೆ ಕಾಯುತ್ತಿದೆ, ಏನು ಮಾಡಿದರು, ಏನೂ ಮಾಡಲಿಲ್ಲ, ಎಲ್ಲ ಮಾಡಿದರು, ಇದನ್ನು ಹೇಗೆ ಬರೆಸುವುದು, ಬರಿ ಸಿಸ್ಟರ್, ಅವರು ಕಿಟಕಿಯ ಹತ್ತಿರ ಹೋಗಿ, ಬೀದಿಯ ಕಡೆ ಮುಖ ಮಾಡಿ, ಕೈ ಹಿಂದೆ ಕಟ್ಟಿ — ಮಾತಿನ ಬದಲು ಅವಳ ತೋರುಬೆರಳು ರಟ್ಟಿನ ಮೇಲೆ ಬಡಿಯತೊಡಗುತ್ತದೆ, ಕೈಗಡಿಯಾರದ ಗಾಜು, ಅದರ ಮೇಲೊಂದು ಬೆರಳು, ಎರಡು, ಬಿಡುವು,