ಕೆಳಗೆ ಹೊಡೆದ ಮೊಳೆ

ಹೊಳಬಸಪ್ಪ ಸಾವಕಾರನ ಮೇಲೆ ನನಗಿದ್ದ ಸಿಟ್ಟು ಸಣ್ಣದಲ್ಲ. ಇವತ್ತಿಗೂ ಸಣ್ಣದಾಗಿಲ್ಲ. ಹೋಗಲಿ ಬಿಡು ನಾಮದೇವಾ, ಮರೆತುಬಿಡು ಎಂದು ಬುದ್ಧಿ ಹೇಳುವವರು ಈಗಲೇ ಎದ್ದು ಹೋಗಬಹುದು.

ನಾವು ಸಿಂಪಿಗರು, ತುಬಚಿಯ ಕಡೆಯವರು. ಅಪ್ಪ ಬೇಗ ಹೋದ. ಅವ್ವ ತಾರವ್ವ ಊರ ಮಂದಿಯ ಅಂಗಿ, ಕುಪ್ಪಸ ಹೊಲಿದು ನನ್ನನ್ನು ಬೆಳೆಸಿದಳು. ನನಗೆ ಚಿತ್ರದ ಹುಚ್ಚು. ಕಲಿಸುವವರು ಯಾರೂ ಇರಲಿಲ್ಲ. ಕಂಡ ಕಂಡ ಗೋಡೆಯ ಮೇಲೆ ಎತ್ತು, ಹುಲಿ, ಹನುಮಪ್ಪನನ್ನು ಬರೆದು ಕೈ ಪಳಗಿಸಿಕೊಂಡಿದ್ದೆ. ಆ ವರ್ಷ ಊರ ನಾಟಕಕ್ಕೆ ಓಣಿಯ ದೃಶ್ಯದ ಪರದೆ ಬೇಕಾಯಿತು. ಜಮಖಂಡಿಯಿಂದ ಬಾಡಿಗೆಗೆ ತರುವುದು ಬೇಡ, ನಾನೇ ಬರೆದುಕೊಡುತ್ತೇನೆ ಎಂದೆ. ಅವ್ವ ಮಾದರಪಾಟ ಬಟ್ಟೆಯ ಪಟ್ಟಿಗಳನ್ನು ಕೂಡಿಸಿ, ಎಲ್ಲಿ ಹೊಲಿದಿದ್ದಾಳೆಂದು ಗೊತ್ತಾಗದ ಹಾಗೆ ಹೊಲಿದುಕೊಟ್ಟಳು.

ಅದರ ಮೇಲೆ ನಾನು ಬರೆದ ಮಂದಿ, ದನ, ಬಾವಿ ಎಲ್ಲ ಚೆನ್ನಾಗಿಯೇ ಬಂದವು. ಹಿಂದಿನ ಓಣಿ ಮಾತ್ರ ಕೈಕೊಟ್ಟಿತು. ಹತ್ತಿರದ ಮನೆ ಎಷ್ಟು ದೊಡ್ಡದೋ ದೂರದ ಮನೆಯೂ ಅಷ್ಟೇ ದೊಡ್ಡದು. ಓಣಿ ಎಲ್ಲಿಯೂ ಕಿರಿದಾಗದೆ ಕೆಳಗಿನಿಂದ ಮೇಲಿನವರೆಗೆ ನೆಟ್ಟಗೆ ಎದ್ದು ನಿಂತಿತ್ತು.

ಊರ ನಾಟಕದಲ್ಲಿ ರಾಜನ ಪಾರ್ಟು ಯಾವಾಗಲೂ ಹೊಳಬಸಪ್ಪನದು. ಬೇರೆಯವರು ಕೇಳುವ ಮಾತೇ ಇಲ್ಲ. ಆಟದ ನಡುವೆ ಆತ ಮಾತು ನಿಲ್ಲಿಸಿ ಪರದೆಯ ಕಡೆ ತಿರುಗಿದ.

"ಎಲೈ ಮಂತ್ರಿ, ಇದೇನು ನಮ್ಮ ರಾಜಬೀದಿಯೋ, ಗ್ವಾಡಿಯೋ? ಈ ಓಣ್ಯಾಗ ನಡೀಬೇಕಂದ್ರ ಏಣಿ ಬೇಕಲ್ಲೋ."

ಜನ ಬಿದ್ದು ಬಿದ್ದು ನಕ್ಕರು. ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಬಿಡುತ್ತಿದ್ದೆನೇನೋ. ಮರುದಿನ ಆತನ ಆಳುಗಳು ಪರದೆ ಬಿಚ್ಚಿಕೊಂಡು ಹೋಗಿ ಗಾಣದ ಮನೆಯಲ್ಲಿ ಬೆಲ್ಲದ ರಾಶಿಗೆ ಹೊದಿಸಿದರು. ಅವ್ವ ಕೇಳಲು ಹೋದಳು. ನಾನು ಹಿಂದೆ ನಿಂತಿದ್ದೆ.

"ಸಾವಕಾರ್ರ, ನನ್ನ ಬಟ್ಟಿ ಕೊಡ್ರಿ. ನನ್ನ ಕೈಯಾರೆ ಹೊಲ್ದೀನ್ರಿ."

"ಇರಲಿ ಬಿಡಬೇ ತಾರವ್ವಾ. ನಿನ್ನ ಮಗಾ ಬರದದ್ದು ಒಂದ ಕೆಲಸಕ್ಕರ ಬಂತು. ಬೆಲ್ಲಾ ಮಾರಿದ ಮ್ಯಾಲ ಒಯ್ಯಿ."

ಆಳುಗಳು ಹಲ್ಲು ಕಿಸಿದರು. ಅವ್ವ ಸೆರಗು ಎಳೆದುಕೊಂಡು ಹೊರಟಳು. ಇವನನ್ನು ಅದೇ ರಂಗದ ಮೇಲೆ, ಅದೇ ಜನರ ಮುಂದೆ, ಅದೇ ಬಟ್ಟೆಯ ಮುಂದೆ ನಗೆಗೀಡು ಮಾಡದಿದ್ದರೆ ನಾನು ತಾರವ್ವನ ಮಗನಲ್ಲ ಎಂದುಕೊಂಡೆ.

ಬನಹಟ್ಟಿಯಲ್ಲಿದ್ದ ಸೋದರಮಾವ ವಿಠೋಬಾನ ಮನೆಗೆ ಹೋದೆ. ಅಲ್ಲಿ ಬೆಳಗಾದರೆ ನೇಕಾರರು ಸೀರೆಯ ಹಾಸಿನ ನೂಲನ್ನು ಓಣಿಯ ಉದ್ದಕ್ಕೂ ಎಳೆದು ಕಟ್ಟಿ, ಗಂಜಿ ಹಚ್ಚಿ ಒಣಗಿಸುತ್ತಾರೆ. ಒಂದು ದಿನ ಹಾಸಿನ ತುದಿಯಲ್ಲಿ ನಿಂತು ನೋಡಿದೆ. ನನ್ನ ಕಾಲ ಬಳಿ ಅಗಲವಾಗಿ ಹರಡಿದ್ದ ಎಳೆಗಳು ದೂರ ಹೋದ ಹಾಗೆ ಒತ್ತೊತ್ತಾಗಿ ಕೊನೆಗೆ ಕೂಡಿಕೊಂಡ ಹಾಗೆ ಕಂಡವು. ಎರಡೂ ಬದಿಯ ಮನೆಗಳ ಮಾಳಿಗೆ, ಕಟ್ಟೆ ಎಲ್ಲ ಅದೇ ಜಾಗಕ್ಕೆ ಓಡುತ್ತಿದ್ದವು. ಅಯ್ಯೋ ಹುಚ್ಚಪ್ಪಾ, ಇಷ್ಟೇನಾ ಎಂದು ನನ್ನನ್ನೇ ಬೈದುಕೊಂಡೆ.

ಅಂದಿನಿಂದ ಗೋಡೆಗೆ ಒಂದು ಮೊಳೆ ಹೊಡೆದು, ಅದಕ್ಕೆ ಸುಣ್ಣ ಹಚ್ಚಿದ ದಾರ ಕಟ್ಟಿ, ಎಳೆದು ಮಿಡಿದು ಗೆರೆ ಹಾಕತೊಡಗಿದೆ. ಎಲ್ಲ ಗೆರೆಗಳೂ ಮೊಳೆಗೇ ಹೋಗಬೇಕು. ಕೆಡಿಸಿದೆ, ಒರೆಸಿದೆ, ಮತ್ತೆ ಹಾಕಿದೆ. ಮೊಳೆ ಎಲ್ಲಿ ಹೊಡೆಯಬೇಕು ಎಂಬುದು ಬಹಳ ದಿನ ತಿಳಿಯಲಿಲ್ಲ. ಒಮ್ಮೆ ಹಾಸಿನ ಬಳಿ ಕುಕ್ಕರಗಾಲಲ್ಲಿ ಕೂತಾಗ ಅದೂ ತಿಳಿಯಿತು. ಗೆರೆಗಳು ಕೂಡುವ ಜಾಗ ನನ್ನ ಕಣ್ಣಿನ ಜೊತೆ ಕೆಳಗಿಳಿದಿತ್ತು. ಗಂಜಿ ಹಚ್ಚುತ್ತಿದ್ದ ಕುಳ್ಳ ಜಕ್ಕಪ್ಪ ಮುಗಿಲಿಗೆ ತಲೆ ತಾಗಿಸಿ ನಿಂತ ಹಾಗೆ ಕಾಣುತ್ತಿದ್ದ. ಮೊಳೆ ಕೆಳಗಿಳಿದಷ್ಟೂ ನಿಂತದ್ದೆಲ್ಲ ಎತ್ತರ. ಆ ಗಳಿಗೆಯಲ್ಲಿ ನನಗೆ ನೆನಪಾದವನು ಹೊಳಬಸಪ್ಪ.

ಕೆಲವು ವರ್ಷಗಳಲ್ಲಿ ಮುಧೋಳ, ಬೀಳಗಿಯ ನಾಟಕಗಳಿಗೆಲ್ಲ ನನ್ನ ಪರದೆ ಹೋಗತೊಡಗಿತು. ಸಾವಕಾರ ಹೇಳಿ ಕಳಿಸಿದ. ನಾನು ಹೋದೆ. ಬೆಲ್ಲದ ರಾಶಿ ಆತನಿಗೆ ನೆನಪೇ ಇರಲಿಲ್ಲ. ಅದು ನನ್ನನ್ನು ಇನ್ನಷ್ಟು ಸುಟ್ಟಿತು.

"ದರ್ಬಾರ ಪರದೆ ಬರಿಯೋ ನಾಮದೇವಾ. ಅರಮನಿ ಹೆಂಗಿರಬೇಕಂದ್ರ, ನೋಡಿದವರು ಬಾಯಿ ತೆರೀಬೇಕು. ಮ್ಯಾಲ ನನ್ನ ಹೆಸರು ದೊಡ್ಡದಾಗಿ ಬರಿ."

"ಆಗಲ್ರಿ. ಬಟ್ಟಿ ನಮ್ಮಲ್ಲೇ ಐತ್ರಿ" ಎಂದೆ.

ಬೆಲ್ಲದ ಕಲೆ ಬಿದ್ದ ಹಳೆಯ ಪರದೆಯನ್ನು ಬೆಲ್ಲ ಮಾರಿದ ಮೇಲೆ ಅವ್ವ ಮರಳಿ ತಂದು, ತೊಳೆದು ಮಡಚಿ ಇಟ್ಟಿದ್ದಳು. ಅದನ್ನೇ ತಿರುವಿ ಹಾಕಿ ಹಿಂಬದಿಗೆ ಬರೆಯತೊಡಗಿದೆ. ಮೊಳೆಯನ್ನು ನೆಲದಿಂದ ಮೊಳದೆತ್ತರಕ್ಕೆ ಹೊಡೆದೆ. ಕಂಬಗಳು ಮೇಲೆದ್ದವು. ಮುಂದಿನ ಎರಡು ಕಂಬಗಳ ಬುಡದಲ್ಲಿ, ಪರದೆಯ ಕೆಳ ಅಂಚಿಗೇ ಕಾಲೂರಿ, ಭರ್ಜಿ ಹಿಡಿದ ಇಬ್ಬರು ಕಾವಲುಗಾರರನ್ನು ನಿಲ್ಲಿಸಿದೆ. ಅವ್ವ ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಇವರ ಮುಂದ ಅಂವಾ ಎಲ್ಲೀತನಾ ಬರ್ತಾನೋ?"

"ನಡುಪಟ್ಟಿತನಾ ಎಲ್ಲೀದವ್ವಾ, ಮೊಣಕಾಲಿಗೆ ಬರ್ತಾನ."

ಅವ್ವ ಕೊರಳಲ್ಲಿದ್ದ ಟೇಪನ್ನು ತೆಗೆದು, ಕಾವಲುಗಾರನ ಮೊಣಕಾಲು ಅಳೆದು ಒಳಗೆ ಹೋದಳು. ಸಾವಕಾರನ ಅಂಗಿ ಹೊಲಿದವಳಿಗೆ ಆತನ ಎತ್ತರ ಗೊತ್ತಿರದೇ ಇರುತ್ತದೆಯೇ?

ಸಾವಕಾರ ಬಂದು, ಅಂಗಳದ ಆಚೆ ನಿಂತು ನೋಡಿ ಹಿಗ್ಗಿದ. ಹತ್ತಿರ ಬರಲಿಲ್ಲ. ಪೂಜೆಗೆ ಮೊದಲು ಹೊಸ ಪರದೆಯ ಮುಂದೆ ಪಾತ್ರಧಾರಿ ನಿಲ್ಲಬಾರದೆಂಬ ಪದ್ಧತಿ ನಮ್ಮ ಕಡೆಯದು. ಆತನ ಚಟವೂ ನನಗೆ ಗೊತ್ತಿತ್ತು: ರಾಜ ಯಾವಾಗಲೂ ಪರದೆಗೆ ಬೆನ್ನು ಹಚ್ಚಿಯೇ ಮೊದಲ ಮಾತು ಆಡುತ್ತಿದ್ದ.

ನಾಟಕದ ದಿನ ಕಾಯಿ ಒಡೆದು ಪರದೆ ಇಳಿಸಿದರು. ಗ್ಯಾಸಬತ್ತಿಯ ಬೆಳಕಿಗೆ ಅರಮನೆ ಎದ್ದಾಗ ಜನ ಖರೆಯೇ ಬಾಯಿ ತೆರೆದರು. ನೆತ್ತಿಯ ಮೇಲೆ ಹೊಳಬಸಪ್ಪನ ಹೆಸರು. ಹೊಳಬಸಪ್ಪ ಮೀಸೆ ತಿರುವುತ್ತ ಬಂದು, ಕಾವಲುಗಾರರ ನಡುವೆ ಬೆನ್ನು ಕೊಟ್ಟು ನಿಂತು ಕತ್ತಿ ಎತ್ತಿದ. ಕತ್ತಿಯ ತುದಿ ಕಾವಲುಗಾರನ ಸೊಂಟಕ್ಕೂ ಮುಟ್ಟಲಿಲ್ಲ.

"ಮೂರು ಲೋಕ ನಡುಗಿಸುವ ನನ್ನ ಎದುರು ನಿಲ್ಲುವ ಗಂಡು ಯಾರು?"

ಮೊದಲು ಒಬ್ಬ ನಕ್ಕ. ಆಮೇಲೆ ಸಾಲು ಸಾಲಾಗಿ ನಕ್ಕರು. ಏಕೆಂದು ತಿಳಿಯದೆ ಸಾವಕಾರ ಅದೇ ಮಾತನ್ನು ಮತ್ತೆ, ಇನ್ನೂ ಜೋರಾಗಿ ಹೇಳಿದ. ನಗು ಹೆಚ್ಚಿತು. ಆಗ ತಿರುಗಿ ನೋಡಿದ. ಕಣ್ಣ ಮುಂದೆ ಮೊಣಕಾಲು. ಮೇಲೆ ನೋಡಿದ, ಇನ್ನೂ ಮೇಲೆ ನೋಡಿದ. ಕಿರೀಟ ಕಳಚಿ ಬಿತ್ತು.

ಹೆಂಗಸರ ಸಾಲಿನಿಂದ ಅವ್ವ ಎದ್ದು ನಿಂತಳು. ಜನ್ಮದಲ್ಲಿ ನಾಲ್ಕು ಜನರ ಮುಂದೆ ದನಿ ಎತ್ತಿದವಳಲ್ಲ.

"ಸಾವಕಾರ್ರ, ಏಣಿ ಕೊಡ್ಲೇನ್ರಿ?"

ಇಡೀ ಊರಿಗೆ ಆ ಹಳೆಯ ಮಾತು ನೆನಪಾಯಿತು. ಪರದೆಯ ಮರೆಯಿಂದ ನಾಟಕದ ಮಾಸ್ತರರು ಮುಂದಿನ ಸಾಲು ಹೇಳಿಕೊಡುತ್ತಲೇ ಇದ್ದರು. ರಾಜನಿಗೆ ಕೇಳಿಸಲಿಲ್ಲ. ಆತ ನೆಲಕ್ಕೆ ಬಗ್ಗಿ ಕಿರೀಟ ಹುಡುಕುತ್ತಿದ್ದ.