ಜೋಪಾನ ಮಾಡಿದ ಕಾಲು

ನೆವಿಲ್ ಗ್ರೀನ್‌ಹಾಲ್‌ಗೆ ಇಪ್ಪತ್ತಮೂರು ವರ್ಷ, ಅವನ ಬಲ ಮೊಣಕಾಲಿಗೆ ಅರವತ್ತು. ನಾಲ್ಕನೇ ಡಿವಿಜನ್ನಿನ ಹಾರ್ನ್‌ಲಿ ಟೌನ್ ಫುಟ್‌ಬಾಲ್ ತಂಡದಲ್ಲಿ ಬಲಬದಿಯ ಗೆರೆಗುಂಟ ಓಡಿ, ಚೆಂಡನ್ನು ಗೋಲಿನ ಮುಂದಕ್ಕೆ ಒದೆಯುವುದು ಅವನ ಕೆಲಸ. ಮೂರು ವರ್ಷದಲ್ಲಿ ಅರವತ್ತೊಂದು ಪಂದ್ಯ, ನಾಲ್ಕು ಗೋಲು. ಅದರಲ್ಲಿ ಎರಡು ದಟ್ಟ ಮಂಜಿನಲ್ಲಿ ಹೊಡೆದವು, ನೋಡಿದವರೇ ಕಡಿಮೆ. ಇಷ್ಟಕ್ಕೇ ಅವನು ದಣಿದುಹೋಗಿದ್ದ. ಆದರೂ ಇನ್ನೊಂದು ವರ್ಷ ಸಿಕ್ಕರೆ ಸಾಕು ಎಂಬ ಆಸೆ ಬಿಟ್ಟಿರಲಿಲ್ಲ.

೧೯೭೧ರ ಮೇ ತಿಂಗಳ ಮೊದಲ ಶನಿವಾರ, ಆ ವರ್ಷದ ಕೊನೆಯ ಪಂದ್ಯ. ಸೋಮವಾರ ಮ್ಯಾನೇಜರ್ ಡಗ್ಡೇಲ್ ಒಬ್ಬೊಬ್ಬರನ್ನೇ ಕೋಣೆಗೆ ಕರೆದು, ಯಾರನ್ನು ಇಟ್ಟುಕೊಳ್ಳುತ್ತೇವೆ, ಯಾರನ್ನು ಕಳಿಸುತ್ತೇವೆ ಎಂದು ಹೇಳಲಿದ್ದರು. ಮೊಣಕಾಲು ಕೆಟ್ಟಿರುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವನು ಒಬ್ಬನೇ: ಬಕೆಟ್ಟು, ಸ್ಪಂಜು ಹಿಡಿದು ಬಿದ್ದವರ ಬಳಿ ಓಡುವ ಮುದುಕ ವಾಲ್ಟ್.

ನೆವಿಲ್ ಲೆಕ್ಕ ಹಾಕಿಕೊಂಡೇ ಬಂದಿದ್ದ. ಮೊದಲರ್ಧದಲ್ಲಿ ಬಲಬದಿಯೆಂದರೆ ಮೈದಾನದ ಆಚೆ ದಡ, ಜನ ನಿಂತು ನೋಡುವ ಕಟ್ಟೆ. ತಂಡಗಳು ದಿಕ್ಕು ಬದಲಿಸಿದ ಮೇಲೆ ಅದೇ ಬಲಬದಿ ಡಗ್ಡೇಲ್ ಕೂರುವ ಬೆಂಚಿನ ಮುಂದೆ ಬರುತ್ತದೆ. ಆ ಕಾಲಿನಲ್ಲಿ ಉಳಿದದ್ದು ನಾಲ್ಕೈದು ಓಟ. ಅವನ್ನು ದ್ವಿತೀಯಾರ್ಧಕ್ಕೆ ಎತ್ತಿಟ್ಟರೆ ಮ್ಯಾನೇಜರ್ ಕಣ್ಣೆದುರೇ ಮಿಂಚಬಹುದು.

ಹಾಗಾಗಿ ಮೊದಲರ್ಧವಿಡೀ ಅವನು ಕಳ್ಳಾಟ ಆಡಿದ. ಕಾಲಿಗೆ ಬಂದ ಚೆಂಡನ್ನು ಹಿಂದಕ್ಕೆ ತಳ್ಳಿದ, ಮುಂದೆ ಉರುಳಿದ್ದನ್ನು ಹೋಗಲಿ ಎಂದು ಬಿಟ್ಟ. ಕಟ್ಟೆಯ ಮೇಲಿನವರು ಚಳಿ ಮಳೆಯೆನ್ನದೆ ಮೂರು ವರ್ಷ ಅವನನ್ನು ನೋಡಿದವರು, ಬಾಯಿಗೆ ಬಂದಂತೆ ಬೈದರು. “ಒಂದು ಕುರ್ಚಿ ತಂದ್ಕೊಡ್ಲೇನೋ, ಕೂತ್ಕೊಂಡೇ ಆಡ್ತೀಯಾ?” ಎಂದ ಒಬ್ಬ. ನೆವಿಲ್ ತಲೆ ತಗ್ಗಿಸಿದ. ನಾಚಿಕೆಯಾಯಿತು.

ವಿರಾಮದಲ್ಲಿ ಎಲ್ಲರೂ ಟೀ ಕುಡಿಯುತ್ತಿದ್ದಾಗ ವಾಲ್ಟ್ ಅವನನ್ನು ಬಚ್ಚಲಿನ ಕಡೆಗೆ ಕರೆದೊಯ್ದ.

“ಇಟ್ಕೊಳ್ಳೋರ ಪಟ್ಟಿ ಗುರುವಾರಾನೇ ಟೈಪಾಗಿದೆ ಕಣಪ್ಪಾ. ಡಗ್ಡೇಲ್ ಯಜಮಾನ್ರ ಮೇಜಿನ ಮೇಲೆ ನೋಡ್ದೆ. ನಿನ್ನ ಹೆಸರಿಲ್ಲ,” ಎಂದ. “ಕಾಲು ಉಳುಕಿದೆ ಅಂತ ಹೇಳಿ ಕೂತ್ಬಿಡು. ಇಲ್ಲಿಂದ ಹೋದ್ಮೇಲೆ, ಮನೆ ಸಾಮಾನು ಸಾಗಿಸೋ ನಿಮ್ಮ ಭಾವನ ಲಾರೀಲಿ ಬೀರು, ಮಂಚ ಹೊರೋದು ಇದೇ ಕಾಲಲ್ಲಿ ತಾನೆ.”

ನೆವಿಲ್‌ಗೆ ಅಳು ಬರಲಿಲ್ಲ. ಗುರುವಾರವೇ ಮುಗಿದುಹೋದ ತೀರ್ಮಾನಕ್ಕಾಗಿ ತಾನು ಇಷ್ಟು ಲೆಕ್ಕಾಚಾರ ಮಾಡಿದೆನಲ್ಲ ಎಂದು ಮೈಯೆಲ್ಲ ಉರಿಯಿತು. ಅವನು ಕೂರಲಿಲ್ಲ. ಹೊರಗೆ ಬರುವಾಗ ಎಡಬದಿಯ ಆಟಗಾರನ ತೋಳು ಹಿಡಿದು, ಜಾಗ ಬದಲಾಯಿಸಿಕೊಳ್ಳೋಣ ಎಂದು ಕೇಳಿಕೊಂಡ. ಬೆಂಚಿನ ಮುಂದೆ ಆಡುವುದೆಂದರೆ ಯಾರು ಬೇಡವೆಂದಾರು, ಅವನು ಖುಷಿಯಿಂದ ಒಪ್ಪಿದ.

ಈಗ ಎಡಬದಿಗೆ ಬಂದ ನೆವಿಲ್ ಮತ್ತೆ ಅದೇ ಕಟ್ಟೆಯ ಮುಂದೆ ನಿಂತ. ಮೊದಲ ಚೆಂಡಿಗೇ ಓಡಿದ, ಎರಡನೆಯದಕ್ಕೂ ಓಡಿದ. ಎದುರಾಳಿ ಅಡ್ಡ ಬಂದರೆ ಒಳಕ್ಕೆ ಹೋದಂತೆ ಮಾಡಿ ಹೊರಗಿನಿಂದ ನುಗ್ಗಿದ. ಬೈದವರೇ ಕಂಬಿಗೆ ಆತು ಕೂಗತೊಡಗಿದರು. ಆರನೆಯ ಓಟದಲ್ಲಿ ಗೆರೆಯಂಚಿಗೆ ಹೋಗಿ ಚೆಂಡನ್ನು ಒದ್ದ. ಒದ್ದ ಕ್ಷಣವೇ ಮೊಣಕಾಲಿನೊಳಗೆ ಏನೋ ಕಿತ್ತುಬಂತು, ಅವನು ನೆಲಕ್ಕೆ ಬಿದ್ದ.

ವಾಲ್ಟ್ ಏದುಸಿರು ಬಿಡುತ್ತಾ ಬಂದು ಮಂಡಿಯೂರಿದ. ಚೆಂಡು ಏನಾಯಿತೆಂದು ನೆವಿಲ್ ಕೇಳಿದ. ಎದುರಾಳಿ ಗೋಲ್‌ಕೀಪರ್ ಹಿಡಿದುಕೊಂಡನೆಂದು ವಾಲ್ಟ್ ಹೇಳಿದ. ಮೊಣಕಾಲನ್ನು ಮುಟ್ಟಿ ನೋಡಿದ ಮೇಲೆ ಮುದುಕನ ಕಣ್ಣು ತುಂಬಿತು.

“ಈ ಕಾಲು ಉಳೀಲಿ ಅಂತಾನೇ ನಿಂಗೆ ಹೇಳಿದ್ದು ಕಣೋ ನಾನು.”

“ಗೊತ್ತು ವಾಲ್ಟ್,” ಎಂದ ನೆವಿಲ್. “ಜೋಪಾನ ಮಾಡಿ ಮಾಡಿ ಸಾಕಾಗಿತ್ತು.”